ಸರತಿಯ ತಿಂಡಿ

ಬೆಂಗಳೂರಿನ ಮನುಷ್ಯನ ಸ್ವಭಾವ ತಿಳಿಯಬೇಕಾದರೆ ಅವನ ಜಾತಕ ನೋಡಬೇಕಾಗಿಲ್ಲ. ಮಸಾಲೆದೋಸೆಯನ್ನು ಎಲ್ಲಿ ತಿನ್ನುತ್ತಾನೆಂದು ಕೇಳಿದರೆ ಸಾಕು. ಗಾಂಧಿ ಬಜಾರು ಎಂದರೆ ಒಂದು ಮತ, ಮಲ್ಲೇಶ್ವರ ಎಂದರೆ ಇನ್ನೊಂದು. ಮತಾಂತರ ಬಲು ಅಪರೂಪ.

ನಾವು ಐದು ಮಂದಿ ಮಿತ್ರರು. ಎಲ್ಲರಿಗೂ ಅರವತ್ತೈದು ದಾಟಿದೆ. ಶನಿವಾರ ಬೆಳಗ್ಗೆ ಒಟ್ಟಿಗೆ ತಿಂಡಿ ತಿನ್ನಬೇಕೆಂಬುದು ನಮ್ಮ ಮೂವತ್ತು ವರ್ಷಗಳ ವ್ರತ. ವ್ರತದ ವಿಷಯದಲ್ಲಿ ಭಿನ್ನಾಭಿಪ್ರಾಯವಿಲ್ಲ. ಕ್ಷೇತ್ರದ ವಿಷಯದಲ್ಲಿ ಮಾತ್ರ ಉಂಟು.

ನಮ್ಮ ಮೇಷ್ಟರದು ವಿದ್ಯಾರ್ಥಿ ಭವನ. 1943ರಲ್ಲಿ ಹುಟ್ಟಿದ ಆ ಹೋಟೆಲಿನ ಹೆಸರಿನಲ್ಲೇ ವಿದ್ಯಾರ್ಥಿ ಇರುವುದರಿಂದ ತಮಗೆ ಅಲ್ಲಿ ವಿಶೇಷ ಅಧಿಕಾರವಿದೆಯೆಂದು ಅವರ ನಂಬಿಕೆ. ಸಪ್ಲೈಯರು ಮಣಿಕಟ್ಟಿನಿಂದ ಭುಜದವರೆಗೆ ತಟ್ಟೆಗಳನ್ನು ಜೋಡಿಸಿಕೊಂಡು ಬರುವುದನ್ನು ನೋಡಿ, "ನನ್ನ ಕ್ಲಾಸಿನಲ್ಲಿ ಇಷ್ಟು ಶ್ರದ್ಧೆ ಯಾರಿಗಿತ್ತು?" ಎಂದು ನಿಟ್ಟುಸಿರು ಬಿಡುತ್ತಾರೆ.

ವಕೀಲರದು ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್. ಅದರ ಮೂಲ 1924ನೆಯ ಇಸವಿಯದು; ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಅಭಾವ ಬಂದಾಗ ರವೆ ಇಡ್ಲಿ ಹುಟ್ಟಿದ್ದು ಅಲ್ಲಿಯೇ ಎಂದು ಪ್ರಸಿದ್ಧಿ. ಅಲ್ಲಿ ಬಹಳ ಹೊತ್ತು ಕಾಯಬೇಕಲ್ಲ ಎಂದರೆ, "ಕೋರ್ಟಿನಲ್ಲಿ ವಾಯಿದೆಗೆ ಕಾದವನಿಗೆ ಇದೇನು ಮಹಾ!" ಅನ್ನುತ್ತಾರೆ.

ಇಂಜಿನಿಯರರಿಗೆ ಸೇಂಟ್ ಮಾರ್ಕ್ಸ್ ರಸ್ತೆಯ ಕೋಶೀಸ್. ಅಲ್ಲಿ ಒಂದು ಮೇಜಿನ ಮೇಲೆ ಕಾಫಿ, ಪಕ್ಕದ ಮೇಜಿನ ಮೇಲೆ ಬಿಯರು, ಎರಡಕ್ಕೂ ಜಗಳವಿಲ್ಲ. ಮೇಷ್ಟರು ಮೊದಲ ಸಲ ಅಲ್ಲಿಗೆ ಬಂದಾಗ, ಹಳೆಯ ಶಿಷ್ಯರು ಯಾರಾದರೂ ಕಂಡಾರೆಂದು ಬೀದಿಯ ಎರಡು ಕಡೆಯೂ ನೋಡಿ ಸರಕ್ಕನೆ ಒಳಗೆ ನುಗ್ಗಿದರು. ಒಳಗೆ ಇಬ್ಬರು ಶಿಷ್ಯರು ಕುಳಿತಿದ್ದರು. ಎದ್ದು ನಿಂತು ನಮಸ್ಕಾರ ಮಾಡಿದರು.

ನನ್ನದು ಇಂಡಿಯಾ ಕಾಫಿ ಹೌಸ್. ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚತೊಡಗಿದಾಗ, ಕೆಲಸ ಕಳೆದುಕೊಂಡವರೇ ಸೇರಿ ಸಹಕಾರ ಸಂಘಗಳನ್ನು ಕಟ್ಟಿಕೊಂಡರು. ಅವುಗಳಲ್ಲಿ ಮೊದಲನೆಯದು 1957ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿತು. ಮಹಾತ್ಮ ಗಾಂಧಿ ರಸ್ತೆಯಲ್ಲಿದ್ದ ಕಾಫಿ ಹೌಸು 2009ರಲ್ಲಿ ಚರ್ಚ್ ಸ್ಟ್ರೀಟಿಗೆ ಬಂದಾಗ ನಾನೂ ಅದರ ಹಿಂದೆಯೇ ಬಂದೆ.

ಐದನೆಯ ಮಿತ್ರರು ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದವರು. ಅವರಿಗೆ ಸ್ವಂತ ಮತವಿರಲಿಲ್ಲ. ಎಲ್ಲಿಗೆ ಕರೆದರೂ ಬರುತ್ತಿದ್ದರು. 2002ರಲ್ಲಿ ಆ ಕಾರ್ಖಾನೆ ಬಾಗಿಲು ಹಾಕಿತು.

ನಮ್ಮಲ್ಲಿ ಬಿಲ್ಲು ಕೊಡುವುದಕ್ಕೆ ಸರತಿಯುಂಟು. ಐದು ವಾರಕ್ಕೊಮ್ಮೆ ಐದು ಜನರ ತಿಂಡಿ, ಕಾಫಿ. ಸಂಬಳ ಬರುವವನಿಗೆ ಅದು ಲೆಕ್ಕಕ್ಕಿಲ್ಲ. ಬರದವನಿಗೆ ಅದೇ ದೊಡ್ಡ ಲೆಕ್ಕ. ಮಿತ್ರರು ಒಂದು ಶನಿವಾರ ಮನೆಗೆ ನೆಂಟರು ಬಂದಿದ್ದಾರೆಂದರು. ಮುಂದಿನ ಶನಿವಾರವೂ ನೆಂಟರು ಹೋಗಿರಲಿಲ್ಲ. ನಿನ್ನ ಪಾಲು ನಾವು ಕೊಡುತ್ತೇವೆಂದು ಹೇಳುವುದು ಸುಲಭ. ಹೇಳಿದ್ದರೆ ಅವರು ಮತ್ತೆ ಬರುತ್ತಿರಲಿಲ್ಲ.

ಮೂರನೆಯ ವಾರ ವಕೀಲರು ಎಲ್ಲರ ಮನೆಗೂ ಫೋನು ಮಾಡಿದರು. ತಮಗೆ ಸೊಂಟನೋವಂತೆ, ಕುಳಿತು ತಿನ್ನಬಾರದು, ತುಪ್ಪ ಮುಟ್ಟಬಾರದು ಎಂದು ವೈದ್ಯರ ಆಜ್ಞೆಯಂತೆ. ಆದ್ದರಿಂದ ಇನ್ನು ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್. ಅಲ್ಲಿ ಕುರ್ಚಿಯಿಲ್ಲ, ಸಾಂಬಾರಿಲ್ಲ. ಇಡ್ಲಿ, ವಡೆ, ಖಾರಾಬಾತು, ಕೇಸರಿಬಾತು. ಚಟ್ನಿ ಮಾತ್ರ ಕೇಳಿದಷ್ಟು ಸಲ. ಕಾಫಿ ಬೈಟು. ಐವರ ಹೊಟ್ಟೆ ತುಂಬಿದರೂ ಜೇಬು ನೋಯುತ್ತಿರಲಿಲ್ಲ. ಫೀಜು ಪಡೆಯದೆ ವಕೀಲರು ನಡೆಸಿದ ವಾದ ಅದೊಂದೇ ಇರಬೇಕು. ನಾವು ಮೂವರೂ ಪಾಟೀಸವಾಲಿಲ್ಲದೆ ಒಪ್ಪಿದೆವು. ನೆಂಟರೂ ಊರಿಗೆ ಹೋದರು.

ಮೂರು ವರ್ಷ ಪಾದಚಾರಿ ರಸ್ತೆಯಲ್ಲಿ ನಿಂತು ತಿಂದೆವು. ಯಾರ ಬಾಯಲ್ಲೂ ಎಂ.ಟಿ.ಆರ್. ಹೆಸರು ಬರಲಿಲ್ಲ, ಕೋಶೀಸ್ ಹೆಸರು ಬರಲಿಲ್ಲ. ಮಳೆಯ ದಿನ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ತಟ್ಟೆ. ಇಡ್ಲಿ ಮುರಿಯುವುದಕ್ಕೆ ಮೂರನೆಯ ಕೈ ಬೇಕಾಗುತ್ತಿತ್ತು. ಆಗ ಪಕ್ಕದವರು ಕೊಡೆ ಹಿಡಿಯುತ್ತಿದ್ದರು.

2005ರಲ್ಲಿ ಮಿತ್ರರಿಗೆ ಬೇರೊಂದು ಕಡೆ ಲೆಕ್ಕದ ಕೆಲಸ ಸಿಕ್ಕಿತು. ಮೊದಲ ಸಂಬಳ ಬಂದ ಮೇಲಿನ ಶನಿವಾರ ಅವರು ವಕೀಲರ ಹೆಗಲ ಮೇಲೆ ಕೈಯಿಟ್ಟು, "ನಿನ್ನ ಸೊಂಟ ಇವತ್ತಿಗೆ ವಾಸಿಯಾಯಿತು ಕಣಯ್ಯ. ನಡಿ, ಲಾಲ್‌ಬಾಗ್ ರಸ್ತೆಗೆ ಹೋಗಿ ಕೂತುಕೊಂಡು ತಿನ್ನೋಣ. ತುಪ್ಪ ನನ್ನದು" ಎಂದರು. ಮೊದಲ ದಿನದಿಂದಲೂ ಅವರಿಗೆ ಎಲ್ಲವೂ ತಿಳಿದಿತ್ತು. ವಕೀಲರು ಆ ದಿನ ವಾದಿಸಲಿಲ್ಲ.

ಈಗ ಕ್ಷೇತ್ರಗಳ ಜಗಳ ಮತ್ತೆ ಯಥಾಪ್ರಕಾರ ನಡೆದಿದೆ. ಆದರೆ ಐದನೆಯ ಮಿತ್ರರ ಸರತಿ ಬಂದಾಗ ಜಗಳವಿಲ್ಲ. ಅವರಿಗೂ ಈಗ ಒಂದು ಮತವಿದೆ, ಅದು ಶಂಕರಪುರ. ಮಂಡಿನೋವಿನ ಮೇಷ್ಟರು ಗೊಣಗುತ್ತಲೇ ಬಂದು ನಿಲ್ಲುತ್ತಾರೆ. ವಕೀಲರಿಗೆ ಈಚೆಗೆ ವೈದ್ಯರು ನಿಜವಾಗಿಯೇ ತುಪ್ಪ ಬೇಡವೆಂದಿದ್ದಾರೆ. ಪಾಪ, ಚೀಟಿ ತೋರಿಸಿದರೂ ನಮ್ಮಲ್ಲಿ ಒಬ್ಬರೂ ನಂಬುತ್ತಿಲ್ಲ.