ಒಂದಕ್ಷರದ ಅಂತರ

ಅಂಗೈಗಿಂತಲೂ ಚಿಕ್ಕದಾದ ಒಂದು ಹಸಿರು ಪಟ್ಟಿ. ಅದರ ಮೇಲೆ ಸಾಲಾಗಿ ಕುಳಿತ ಕಪ್ಪು ಚಿಪ್‌ಗಳು, ಅವುಗಳನ್ನು ಮುಚ್ಚಿದಂತೆ ಒಂದು ಬಿಳಿಯ ಲೇಬಲ್. ಲ್ಯಾಪ್‌ಟಾಪಿನ ತಳದ ಮುಚ್ಚಳ ತೆಗೆದು ನೋಡಿದವರಿಗೆ ಇದರ ಪರಿಚಯವಿರುತ್ತದೆ. ರ‍್ಯಾಮ್ ಎಂದು ನಾವು ಕರೆಯುವ ಮೆಮೊರಿ ಇದೇ. ಆ ಲೇಬಲ್ಲಿನ ಮೇಲೆ ಇರುವೆಯ ಸಾಲಿನಂತೆ ಅಚ್ಚಾಗಿರುವ ಆಂಗ್ಲ ಅಕ್ಷರಗಳನ್ನೂ ಅಂಕಿಗಳನ್ನೂ ಓದುವ ಗೋಜಿಗೆ ನಾವು ಹೋಗುವುದಿಲ್ಲ. ಅದೇನೋ ತಯಾರಕರ ಗುಟ್ಟಿರಬೇಕು ಎಂದುಕೊಳ್ಳುತ್ತೇವೆ. ನಿಜಕ್ಕೂ ಅದು ಗುಟ್ಟಲ್ಲ, ಒಂದು ಬಗೆಯ ವ್ಯಾಕರಣ.

ಗುರುಮಠದಲ್ಲಿ ಲತೀನ್ ಕಲಿಸಿದ ನಮ್ಮ ಗುರುಗಳು, ಪದದ ತಲೆಯನ್ನು ನೋಡಿ ಅರ್ಥ ಹೇಳಲು ಅವಸರಪಡಬೇಡಿ, ಮೊದಲು ಬಾಲ ನೋಡಿ ಎನ್ನುತ್ತಿದ್ದರು. ಶಾಲೆಯ ಕಂಪ್ಯೂಟರ್ ಕೊಠಡಿಯ ಉಸ್ತುವಾರಿ ನನ್ನ ಪಾಲಿಗೆ ಬಂದ ವರ್ಷಗಳಲ್ಲಿ ಈ ಮಾತು ಮತ್ತೆ ಮತ್ತೆ ನೆನಪಾಯಿತು. ಸ್ಯಾಮ್‌ಸಂಗ್ ಸಂಸ್ಥೆಯ ಒಂದು ಪಟ್ಟಿಯನ್ನೇ ನೋಡೋಣ: ಎಂ471ಬಿ5173ಕ್ಯೂಎಚ್0-ವೈಕೆ0. ಮೊದಲಿನ 'ಎಂ' ಎಂದರೆ ಇದು ಬಿಡಿ ಚಿಪ್ ಅಲ್ಲ, ಮೆಮೊರಿ ಪಟ್ಟಿ. 471 ಎಂದಿದ್ದರೆ ಲ್ಯಾಪ್‌ಟಾಪಿನದು. 378 ಇದ್ದರೆ ಮೇಜಿನ ಕಂಪ್ಯೂಟರಿನದು, 393 ಇದ್ದರೆ ಸರ್ವರಿನದು. ಮುಂದಿನ 'ಬಿ' ಡಿಡಿಆರ್3 ಪೀಳಿಗೆಯ ಗುರುತು. ಅಲ್ಲಿ 'ಎ' ಇದ್ದರೆ ಡಿಡಿಆರ್4. ನಡುವಿನ ಅಂಕಿಗಳಲ್ಲಿ ಗಾತ್ರ ಅಡಗಿದೆ, ಈ ಪಟ್ಟಿಯದು 4 ಜಿಬಿ. ಇನ್ನು ಬಾಲ. ಕೊನೆಯ 'ಕೆ0' ವೇಗವನ್ನು ಹೇಳುತ್ತದೆ: 1600. ಅದನ್ನು ಎಂಟರಿಂದ ಗುಣಿಸಿದರೆ ಲೇಬಲ್ಲಿನಲ್ಲಿ ಕಾಣುವ 12800 ಬರುತ್ತದೆ. ಸೆಕೆಂಡಿಗೆ ಸಾಗಬಲ್ಲ ಮೆಗಾಬೈಟುಗಳ ಲೆಕ್ಕ ಅದು. ಉಳಿದದ್ದು ಆ 'ವೈ' ಎಂಬ ಒಂದೇ ಅಕ್ಷರ.

ಆ ಅಕ್ಷರದಿಂದಾಗಿ ನಮ್ಮ ಧರ್ಮಕೇಂದ್ರದ ಒಂದು ಮನೆಗೆ ಲ್ಯಾಪ್‌ಟಾಪೇ ಕೈತಪ್ಪುವುದರಲ್ಲಿತ್ತು. ತಂದೆ ಆಟೋ ಓಡಿಸುವವರು. ಬಿ.ಕಾಂ. ಓದುವ ಮಗಳಿಗೆಂದು ಹಳೆಯ ಲ್ಯಾಪ್‌ಟಾಪ್ ಒಂದನ್ನು ಕೊಂಡಿದ್ದರು. ತೀರಾ ನಿಧಾನವಾಯಿತೆಂದು ಅಂಗಡಿಯೊಂದರಿಂದ ಇನ್ನೊಂದು 4 ಜಿಬಿ ಪಟ್ಟಿ ತಂದು ಹಾಕಿದರೆ ಪರದೆ ಬೆಳಗಲೇ ಇಲ್ಲ. "ಮದರ್‌ಬೋರ್ಡೇ ಹೋಗಿದೆಯಂತೆ ಫಾದರ್, ಬೇರೆ ಲ್ಯಾಪ್‌ಟಾಪೇ ತಗೊಳ್ಳಿ ಅಂತಾರೆ" ಎಂದು ಬಂದು ಹೇಳಿದರು. ಮಗಳು ತಲೆ ತಗ್ಗಿಸಿ ನಿಂತಿದ್ದಳು. ತನ್ನ ಓದೇ ಮನೆಗೆ ಭಾರವಾಯಿತು ಎಂಬಂತೆ.

"ಎರಡೂ ಪಟ್ಟಿ ಈಚೆ ತೆಗೆಯಮ್ಮ, ನೋಡೋಣ" ಎಂದೆ. ಚಾರ್ಜರ್, ಬ್ಯಾಟರಿ ಬಿಡಿಸಿ ತೆಗೆದು ಪಕ್ಕಪಕ್ಕದಲ್ಲಿಟ್ಟೆವು. ಅದೇ ಸಂಸ್ಥೆ, ಅದೇ ಗಾತ್ರ, ಅದೇ ವೇಗ. ಆದರೆ ಹಳೆಯದರ ಬಾಲ 'ವೈಕೆ0', ಹೊಸದರ ಬಾಲ 'ಸಿಕೆ0'.

'ಸಿ' ಎಂದರೆ 1.5 ವೋಲ್ಟ್, 'ವೈ' ಎಂದರೆ 1.35 ವೋಲ್ಟ್. ಕಡಿಮೆ ವಿದ್ಯುತ್ತಿನ ಈ ಬಗೆಗೆ ಡಿಡಿಆರ್3ಎಲ್ ಎಂದು ಹೆಸರು. ಅದರ ಮಾನಕ ಪ್ರಕಟವಾದದ್ದು 2010ರಲ್ಲಿ. 1.35ರ ಪಟ್ಟಿ 1.5ರ ಯಂತ್ರದಲ್ಲೂ ನಡೆಯುವಂತೆ ರೂಪಿಸಿರುವುದರಿಂದ ಎರಡಕ್ಕೂ ಕಚ್ಚು ಒಂದೇ ಜಾಗದಲ್ಲಿದೆ. ಡಿಡಿಆರ್2 ಪಟ್ಟಿಯನ್ನು ಡಿಡಿಆರ್3ರ ಗೂಡಿಗೆ ತುರುಕಲು ಹೋದರೆ ಕಚ್ಚೇ ತಡೆಯುತ್ತದೆ. ಇಲ್ಲಿ ಹಾಗೆ ತಡೆಯುವವರಿಲ್ಲ. 2013ರಲ್ಲಿ ಬಂದ ಇಂಟೆಲ್‌ನ ನಾಲ್ಕನೆಯ ತಲೆಮಾರಿನ ಪ್ರೊಸೆಸರ್ ಇರುವ ಲ್ಯಾಪ್‌ಟಾಪುಗಳಿಗೆ 1.35ರದೇ ಬೇಕು. 1.5ರದು ಸಲೀಸಾಗಿ ಒಳಗೆ ಕೂರುತ್ತದೆ, ಯಂತ್ರ ಮಾತ್ರ ಏಳುವುದಿಲ್ಲ. ಹುಡುಗಿಯ ಲ್ಯಾಪ್‌ಟಾಪ್ ಅದೇ ಕಾಲದ್ದು. ಹಳೆಯ ಪಟ್ಟಿಯೊಂದನ್ನೇ ಮರಳಿ ಹಾಕಿದೊಡನೆ ಪರದೆ ಬೆಳಗಿತು. ಮದರ್‌ಬೋರ್ಡಿಗೆ ಏನೂ ಆಗಿರಲಿಲ್ಲ.

ಅಂಗಡಿಯವರು ಮೋಸ ಮಾಡಿದರೆಂದು ನಾನು ಹೇಳಲಾರೆ. ಗಾತ್ರ ಕೇಳಿದರು, ಗಾತ್ರ ಕೊಟ್ಟರು. ಆದರೆ ಒಂದು ಸಾಲು ಓದುವ ಮುನ್ನವೇ ಇಡೀ ಯಂತ್ರಕ್ಕೆ ಅಂತ್ಯಸಂಸ್ಕಾರ ಮಾಡಿಬಿಡುವ ಆತುರ ನನಗೆ ಒಪ್ಪಿಗೆಯಾಗದು. ಎರಡು ಮೂರು ದಿನದ ದುಡಿಮೆಯನ್ನು ಒಂದು ಪಟ್ಟಿಗೆ ಸುರಿದವರ ಮುಂದೆ ಹಾಗೆ ಹೇಳುವುದು ಸಣ್ಣ ಮಾತಲ್ಲ.

ಎಲ್ಲ ಸಂಸ್ಥೆಗಳ ವ್ಯಾಕರಣವೂ ಒಂದೇ ಅಲ್ಲ. ಕಿಂಗ್‌ಸ್ಟನ್ ಪಟ್ಟಿಗಳಲ್ಲಿ ಕೆವಿಆರ್16ಎಸ್11 ಎಂದಿದ್ದರೆ 1.5, ಕೆವಿಆರ್16ಎಲ್‌ಎಸ್11 ಎಂದಿದ್ದರೆ 1.35; ನಡುವೆ ಬಂದ 'ಎಲ್' ಅಷ್ಟೇ ವ್ಯತ್ಯಾಸ. ಹೈನಿಕ್ಸ್ ಪಟ್ಟಿಗಳಲ್ಲಿ ಅಡ್ಡಗೆರೆಯ ಹಿಂದಿನ ಅಕ್ಷರ ನೋಡಬೇಕು: 'ಸಿ' ಇದ್ದರೆ 1.5, 'ಎ' ಇದ್ದರೆ 1.35. ಲೇಬಲ್ಲಿನಲ್ಲಿ ಪಿಸಿ3ಎಲ್ ಎಂದು ಬಿಡಿಸಿ ಬರೆದಿರುತ್ತದೆ, ನಿಜ. ಆದರೆ ಅಂಗಡಿಯ ವಾರಂಟಿ ಚೀಟಿ ಸಾಮಾನ್ಯವಾಗಿ ಅದರ ಮೇಲೆಯೇ ಅಂಟಿಕೊಂಡಿರುತ್ತದೆ! ಚೀಟಿ ಕಿತ್ತರೆ ವಾರಂಟಿ ಹೋದೀತು. ಆಗ ಪಟ್ಟಿಯನ್ನು ಮಗುಚಿ, ಬೆಳಕಿಗೆ ಓರೆಯಾಗಿ ಹಿಡಿದು, ಚಿಪ್ಪಿನ ಮೇಲಿನ ಅಕ್ಷರಗಳನ್ನೇ ಓದಬೇಕು. ಹೈನಿಕ್ಸ್ ಚಿಪ್ ಆದರೆ ಎಚ್5ಟಿಸಿ ಎಂದು ಶುರುವಾದರೆ 1.35, ಎಚ್5ಟಿಕ್ಯೂ ಎಂದಿದ್ದರೆ 1.5. ಸಾಧಾರಣ ಕಣ್ಣಿಗೆ ಭೂತಗನ್ನಡಿಯೇ ಬೇಕಾದೀತು.

ಡಿಡಿಆರ್4 ಬಂದ ಮೇಲೆ ಪಟ್ಟಿಗಳೆಲ್ಲ 1.2 ವೋಲ್ಟಿನವೇ ಆದುದರಿಂದ ಲ್ಯಾಪ್‌ಟಾಪುಗಳಲ್ಲಿ ಈ ತೊಡಕು ತಪ್ಪಿತು. ಆದರೆ ಅಣ್ಣನಿಂದ ತಂಗಿಗೆ, ಕಚೇರಿಯಿಂದ ಶಾಲೆಗೆ ದಾಟಿ ಬರುವ ಹಳೆಯ ಯಂತ್ರಗಳ ಒಳಗೆ ಇನ್ನೂ ಡಿಡಿಆರ್3 ಇದೆ. ಆ ಹುಡುಗಿ ಮರುದಿನ ಹಳೆಯ ಪಟ್ಟಿಯ ಲೇಬಲ್ಲನ್ನು ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡು ತಾನೇ ಅಂಗಡಿಗೆ ಹೋದಳು. 'ವೈ' ಇರುವುದನ್ನು ತೋರಿಸಿ ಕೇಳಿದಳಂತೆ. ಅಂಗಡಿಯವರು ಮಾತಿಲ್ಲದೆ ಬದಲಿಸಿಕೊಟ್ಟರು.