ಅಬ್ಬಾರ ಸಲಾಮ್

ಕುಂದೂರಿನ ನಮ್ಮ ಮನೆಯಲ್ಲಿ ಅಬ್ಬಾರ ಪತ್ರಗಳಿಲ್ಲ, ಕ್ಯಾಸೆಟ್‌ಗಳಿವೆ. ಸೌದಿಯಲ್ಲಿದ್ದಾಗ ಮಾತುಗಳನ್ನು ಅವುಗಳಲ್ಲಿ ತುಂಬಿ, ಊರಿಗೆ ಬರುವವರ ಕೈಯಲ್ಲಿ ಕಳಿಸುತ್ತಿದ್ದರು. ಈಗ ಅಬ್ಬಾ ಇಲ್ಲ. ಅಮ್ಮಿಯ ಕಣ್ಣೂ ಮಂಜಾಗಿದೆ. ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಿದ್ದೇವೆ; ಆದರೆ ಪರದೆಯಲ್ಲಿ ಹುಡುಕಿ ಹಾಕಿಕೊಳ್ಳುವುದು ಅವರಿಂದಾಗದು.

ಒಂದು ಅಂಕಿ ಒತ್ತಿದರೆ ಒಂದು ಕ್ಯಾಸೆಟ್ ಕೇಳಿಸಬೇಕೆಂದು ನನ್ನ ಮಗಳು ಪೈಥಾನ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯಲು ಕುಳಿತಳು. ಧ್ವನಿ ಹೊರಡಿಸಲು ಆಕೆ ನೆಚ್ಚಿದ್ದು ವಿಎಲ್‌ಸಿ ಪ್ಲೇಯರಿನ ಒಳಗಿರುವ ಲಿಬ್‌ವಿಎಲ್‌ಸಿಯನ್ನು. ವಿಎಲ್‌ಸಿ 1996ರಲ್ಲಿ ಫ್ರಾನ್ಸಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಆರಂಭಿಸಿದ ಕೆಲಸ. 2001ರಿಂದ ಎಲ್ಲರಿಗೂ ಮುಕ್ತ. ಲಿಬ್‌ವಿಎಲ್‌ಸಿಯ ಭಾಷೆ 'ಸಿ'. ಪೈಥಾನ್ ಹೇಳಿದ್ದನ್ನು ಅದಕ್ಕೆ ತಲುಪಿಸುವ ದುಭಾಷಿಯೇ 'ಬೈಂಡಿಂಗ್'.

ಮೊದಲ ದಿನ ಸದ್ದೇ ಬರಲಿಲ್ಲ. 'ಪ್ಲೇ' ಎಂಬ ಆಜ್ಞೆ ಕೆಲಸ ಒಪ್ಪಿಸಿ ತಕ್ಷಣ ಮರಳಿಬಿಡುತ್ತದೆ, ಕಾಯುವುದಿಲ್ಲ. ಮುಂದೆ ಸಾಲುಗಳಿಲ್ಲದ್ದರಿಂದ ಪ್ರೋಗ್ರಾಂ ಅಲ್ಲಿಗೇ ಮುಗಿಯುತ್ತಿತ್ತು, ಅದರೊಂದಿಗೆ ಧ್ವನಿಯೂ. ಕ್ಯಾಸೆಟ್ ಮುಗಿಯುವವರೆಗೆ ಕಾಯುವಂತೆ ಮಗಳು ಇನ್ನೆರಡು ಸಾಲು ಸೇರಿಸಿದಳು.

"ಕಾಯೋದು ಹೇಗೆ ಅಂತ ನನ್ನನ್ನು ಕೇಳಬಾರದಿತ್ತಾ ಬೇಟಿ?" ಎಂದು ಅಮ್ಮಿ ನಕ್ಕರು. ನಾನು ನಗಲಾರದೆ ಹೋದೆ.

ಮರುದಿನ ಅಸರ್ ನಮಾಝ್ ಮುಗಿಸಿ ಬಂದು, ಬೆರಳಿನಿಂದ ತಡಕಿ ಒಂದನೇ ಅಂಕಿ ಒತ್ತಿದರು.

"ಅಸ್ಸಲಾಮು ಅಲೈಕುಮ್" ಎಂದರು ಅಬ್ಬಾ.

"ವಅಲೈಕುಮುಸ್ಸಲಾಮ್" ಎಂದರು ಅಮ್ಮಿ.