ಬೊಂಬಾಯಿಯ ತೇಗ, ಮೂವತ್ತು ಸಾವಿರ ಮೈಲಿ

ಬೊಂಬಾಯಿಯ ಬಡಗಿಗಳು ಬಾಚಿಯಿಂದ ಕೆತ್ತಿದರು. ಬಿಲ್ಲು ಕಟ್ಟಿದ ಬೈರಿಗೆಯಿಂದ ಕೊರೆದರು. ದಪ್ಪ ತೇಗದ ಹಲಗೆಗಳನ್ನು ಬಗ್ಗಿಸಿದರು, ಬಿಗಿದರು, ಸಂದಿಸಂದಿಗೂ ಹತ್ತಿ ಗಿಡಿದರು. ನಕ್ಷೆ ಅಮೆರಿಕದ ವಿಲಿಯಂ ಆಟ್ಕಿನ್ ಬರೆದದ್ದು. ಅದಕ್ಕೆ ಮೂಲ ನಾರ್ವೆಯ ಕಾಲಿನ್ ಆರ್ಚರ್ ರೂಪಿಸಿದ ರಕ್ಷಣಾ ದೋಣಿಗಳು. ಬಿರುಗಾಳಿಗೆ ಹೆದರಿ ಮಿಕ್ಕವರೆಲ್ಲ ಬಂದರಿಗೆ ಓಡಿ ಬರುವಾಗ ಅವು ಕಡಲಿಗಿಳಿಯುತ್ತಿದ್ದವು. 1964ರ ಕೊನೆಯಲ್ಲಿ ತೆಂಗಿನಕಾಯಿ ಒಡೆದರು, ದೋಣಿಯನ್ನು ನೀರಿಗೆ ನೂಕಿದರು. ಹೆಸರು ಸುಹೈಲಿ. ಉದ್ದ 32 ಅಡಿ.

ಮಾಲೀಕ ರಾಬಿನ್ ನಾಕ್ಸ್-ಜಾನ್‌ಸ್ಟನ್. ಬ್ರಿಟಿಷ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ಅಧಿಕಾರಿ, ಇಪ್ಪತ್ತೈದರ ಹುಡುಗ. ತಮ್ಮನನ್ನೂ ಗೆಳೆಯನೊಬ್ಬನನ್ನೂ ಹತ್ತಿಸಿಕೊಂಡು ಅರಬ್ಬಿ ಸಮುದ್ರ ದಾಟಿದ. ಮೊಂಬಾಸಾ ಮುಟ್ಟಿದ, ಡರ್ಬನ್ ಮುಟ್ಟಿದ. ಕಾಸು ಮುಗಿಯಿತು. ಅಲ್ಲೇ ದುಡಿದ, ಮತ್ತೆ ಹಾಯಿ ಏರಿಸಿದ. ಕೇಪ್‌ಟೌನ್‌ನಿಂದ ಲಂಡನ್‌ಗೆ ಎಲ್ಲಿಯೂ ನಿಲ್ಲದೆ ಬಂದ. ಮನೆ ಸೇರಿದೊಡನೆ ಅವನ ತಲೆಗೆ ಒಂದು ಹುಳು ಹೊಕ್ಕಿತು.

1967ರಲ್ಲಿ ಫ್ರಾನ್ಸಿಸ್ ಚಿಚೆಸ್ಟರ್ ಒಬ್ಬರೇ ಭೂಮಿ ಸುತ್ತಿ ಬಂದಿದ್ದರು, ಸಿಡ್ನಿಯಲ್ಲಿ ಒಮ್ಮೆ ಮಾತ್ರ ತಂಗಿ. ಉಳಿದಿದ್ದು ಒಂದೇ: ಒಬ್ಬರೇ, ತಂಗದೆ, ಯಾರ ನೆರವೂ ಇಲ್ಲದೆ. ಆವರೆಗೆ ಅದನ್ನು ಮನುಷ್ಯ ಮಾಡಿರಲಿಲ್ಲ. ಮಾಡಬಲ್ಲನೇ ಎಂಬುದೂ ಗೊತ್ತಿರಲಿಲ್ಲ.

1968ರ ಮಾರ್ಚ್‌ನಲ್ಲಿ 'ಸಂಡೇ ಟೈಮ್ಸ್' ಪಂದ್ಯ ಘೋಷಿಸಿತು. ಮೊದಲು ಮರಳಿದವರಿಗೆ ಚಿನ್ನದ ಗೋಳ, ಅತಿ ಕಡಿಮೆ ದಿನಗಳಲ್ಲಿ ಸುತ್ತಿದವರಿಗೆ 5,000 ಪೌಂಡ್. ಜೂನ್ 1ರಿಂದ ಅಕ್ಟೋಬರ್ 31ರೊಳಗೆ ಯಾವಾಗ ಬೇಕಾದರೂ ಹೊರಡಿ. ಅರ್ಹತಾ ಪರೀಕ್ಷೆ ಇಲ್ಲ, ದೋಣಿಯ ತಪಾಸಣೆ ಇಲ್ಲ. ಒಂಬತ್ತು ಮಂದಿ ಮುಂದೆ ಬಂದರು. ಅವರಲ್ಲೊಬ್ಬ, ಸೈನಿಕ ಚೇ ಬ್ಲೈತ್, ಹಾಯಿ ನಡೆಸುವುದನ್ನೇ ಸರಿಯಾಗಿ ಕಲಿತಿರಲಿಲ್ಲ. ಹೊರಟ ದಿನ ಗೆಳೆಯರು ಮುಂದಿನ ದೋಣಿಯಲ್ಲಿ ಹಗ್ಗ ಎಳೆದಂತೆ ನೋಡಿ ನೋಡಿ ಎಳೆದ!

ರಾಬಿನ್‌ಗೆ ಹೊಸ ಉಕ್ಕಿನ ದೋಣಿ ಬೇಕಿತ್ತು, ದೊಡ್ಡದು, ವೇಗದ್ದು. ಕಂಪನಿಗಳ ಬಾಗಿಲು ತಟ್ಟಿದ. ಯಾವುದೂ ತೆರೆಯಲಿಲ್ಲ. ಸರಿ, ಸುಹೈಲಿಯೇ ಆಗಲಿ. ಆದರೆ ಲೆಕ್ಕ ಕ್ರೂರವಾಗಿತ್ತು. ಇಂಥ ದೋಣಿಯ ಗರಿಷ್ಠ ವೇಗವನ್ನು ನೀರಿನ ಮಟ್ಟದಲ್ಲಿ ಅದರ ಉದ್ದ ಎಷ್ಟು ಎಂಬುದೇ ನಿರ್ಧರಿಸುತ್ತದೆ. ಸುಹೈಲಿಯದು 28 ಅಡಿ. ಗಾಳಿ ಎಷ್ಟೇ ಒದ್ದರೂ ಏಳು ನಾಟ್ ಆಸುಪಾಸಿಗೆ ಓಟ ನಿಲ್ಲುತ್ತಿತ್ತು. ದೊಡ್ಡ ದೋಣಿಗಳ ಮುಂದೆ ಗೆಲ್ಲಲು ಉಪಾಯ ಒಂದೇ: ಎಲ್ಲರಿಗಿಂತ ಮೊದಲು ಹೊರಡಬೇಕು. ಮೊದಲು ಹೊರಟರೆ ದಕ್ಷಿಣ ಮಹಾಸಾಗರ ಸಿಗುವುದು ಚಳಿಗಾಲದ ಕೊನೆಯಲ್ಲಿ, ಅದರ ಕೋಪ ಇಳಿಯುವ ಮುನ್ನ.

ಅವನು ಹಿಂಜರಿಯಲಿಲ್ಲ. ಲಂಡನ್ನಿನ ಸರ್ರೆ ಡಾಕ್‌ನಲ್ಲಿ ಸುಹೈಲಿಯನ್ನು ಕಟ್ಟಿ ಕೆಲಸಕ್ಕೆ ಬಿದ್ದ.

ಪಂದ್ಯ ಶುರುವಾದದ್ದು ಅಲ್ಲಿಯೇ ಎಂದು ನಾನು ನಂಬುತ್ತೇನೆ. ಕಡಲಲ್ಲಿ ಅಂಗಡಿ ಇಲ್ಲ, ಗ್ಯಾರೇಜ್ ಇಲ್ಲ, ಹತ್ತು ತಿಂಗಳು ಮನುಷ್ಯರೇ ಇಲ್ಲ. ಏನು ಮುರಿಯಬಹುದು? ಮುರಿದರೆ ಯಾವುದರಿಂದ ಕಟ್ಟಬೇಕು? ಹಗ್ಗ, ಹಾಯಿಬಟ್ಟೆ, ಸೂಜಿ, ತಾಮ್ರದ ಮೊಳೆ, ಡಾಂಬರು, ಬೋಲ್ಟು, ಬಿಡಿಭಾಗ ಎಲ್ಲವನ್ನೂ ಗೂಡುಗೂಡಿಗೆ ತುಂಬಿದ. ಆಹಾರದ ಡಬ್ಬಿಗಳು ಸಾವಿರಕ್ಕೂ ಹೆಚ್ಚು. ಕಾಗದದ ಚೀಟಿ ತೇವಕ್ಕೆ ಕಳಚಿದರೆ ಯಾವ ಡಬ್ಬಿಯಲ್ಲಿ ಏನಿದೆ ಎಂದು ತಿಳಿಯುವುದು ಹೇಗೆ? ಪ್ರತಿ ಡಬ್ಬಿಯ ಚೀಟಿ ಕಿತ್ತರು, ಬಣ್ಣದಲ್ಲಿ ಗುರುತು ಬರೆದರು, ತುಕ್ಕು ಹಿಡಿಯದಂತೆ ವಾರ್ನಿಷ್ ಬಳಿದರು. ಚುಕ್ಕಾಣಿ ತಾನಾಗಿ ನಡೆಯಲು ಗಾಳಿ ಹಲಗೆಗಳ ಯಂತ್ರವೊಂದನ್ನು ಕೂರಿಸಿದರು. ಪಂದ್ಯಕ್ಕೆ ಮುಂಚೆ ಮನೋವೈದ್ಯರೊಬ್ಬರು ರಾಬಿನ್‌ನನ್ನು ಪರೀಕ್ಷಿಸಿ, ಚಿಂತೆಗೀಡುಮಾಡುವಷ್ಟು ಸಾಮಾನ್ಯ ಮನುಷ್ಯ ಎಂದು ಷರಾ ಬರೆದರು.

1968ರ ಜೂನ್ 14. ಫಾಲ್ಮತ್ ಬಂದರು. ಹಗ್ಗ ಬಿಚ್ಚಿದ, ಹೊರಟ. ಕೇಪ್ ವರ್ಡಿ ದ್ವೀಪಗಳನ್ನು ದಾಟುವಷ್ಟರಲ್ಲಿ ಸುಹೈಲಿಯೊಳಗೆ ನೀರು ಜಿನುಗತೊಡಗಿತು.

ದಿನಕ್ಕೆರಡು ಬಾರಿ ಪಂಪ್ ಹೊಡೆದ. ನಿಲ್ಲಲಿಲ್ಲ. ಮುಖವಾಡ ಕಟ್ಟಿ ನೀರಿಗೆ ಹಾರಿದ. ಕಂಡದ್ದು ಭಯಂಕರ: ತಳದ ತೊಲೆಯಾದ ಕೀಲ್ ಮತ್ತು ಹಲಗೆ ಕೂಡುವ ಸಂದಿ ಎರಡೂ ಬದಿಯಲ್ಲಿ ಸುಮಾರು ಎಂಟಡಿ ಉದ್ದಕ್ಕೆ ಬಾಯಿ ಬಿಟ್ಟಿತ್ತು. ದೋಣಿ ಹೊರಳಿದಾಗಲೆಲ್ಲ ಅದು ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಹೀಗೆಯೇ ದಕ್ಷಿಣಕ್ಕೆ ಹೋದರೆ ಸಾವು ಖಚಿತ.

ಹತ್ತಿಯ ಎಳೆ ಹಿಡಿದು ಮತ್ತೆ ಮುಳುಗಿದ. ಸಂದಿಗೆ ತುರುಕಿದ. ಸುತ್ತಿಗೆ ಹುಡುಕುವಷ್ಟರಲ್ಲಿ ಎಳೆ ಕಿತ್ತು ಬಂತು. ಉಸಿರು ಮುಗಿಯಿತು, ಮೇಲೆ ಬಂದ. ಮತ್ತೆ ಮುಳುಗಿದ, ಮತ್ತೆ ಸೋತ. ದೋಣಿ ಹತ್ತಿ ಕೂತು ಯೋಚಿಸಿದ. ಹಾಯಿಬಟ್ಟೆಯ ಕಿರಿದಾದ ಪಟ್ಟಿ ಕತ್ತರಿಸಿದ, ಅದಕ್ಕೆ ಹತ್ತಿಯನ್ನು ಹೊಲಿದ, ಡಾಂಬರು ಮೆತ್ತಿದ, ತಾಮ್ರದ ಮೊಳೆಗಳನ್ನು ಮೊದಲೇ ಚುಚ್ಚಿಟ್ಟ. ತನ್ನ ಬಿಳಿ ಮೈ ಶಾರ್ಕ್‌ಗಳ ಕಣ್ಣಿಗೆ ಬೀಳದಿರಲೆಂದು ಗಾಢ ಬಣ್ಣದ ಅಂಗಿ, ಪ್ಯಾಂಟು ತೊಟ್ಟು ಇಳಿದ. ಒಂದು ಉಸಿರಿಗೆ ಒಂದೆರಡು ಮೊಳೆ. ಮೇಲೆ, ಕೆಳಗೆ, ಮೇಲೆ, ಕೆಳಗೆ. ಕೈ ಮರಗಟ್ಟಿತು. ಕಾಫಿ ಕುಡಿಯಲೆಂದು ದೋಣಿ ಹತ್ತಿದ. ತಿರುಗಿ ನೋಡಿದ.

ಅವನು ಆಗಷ್ಟೇ ಬಿಟ್ಟು ಬಂದ ನೀರಿನಲ್ಲಿ ಶಾರ್ಕ್ ಸುತ್ತುತ್ತಿತ್ತು.

ಕಾದ. ಅದು ಹೋಗಲಿಲ್ಲ. ಬಂದೂಕು ತಂದ. ಕಾಗದದ ಹಾಳೆಗಳನ್ನು ನೀರಿಗೆ ಎಸೆದು ಅದನ್ನು ಸೆಳೆದ. ಹತ್ತಿರ ಬಂದದ್ದೇ ತಲೆಗೆ ಗುರಿಯಿಟ್ಟು ಹೊಡೆದ. ರಕ್ತಕ್ಕೆ ಬೇರೆ ಶಾರ್ಕ್‌ಗಳು ಬರಬಹುದು. ಅರ್ಧ ಗಂಟೆ ಕಣ್ಣು ಕೀಳದೆ ನೋಡಿದ. ನಂತರ ಆ ಮನುಷ್ಯ ಅದೇ ನೀರಿಗೆ ಮತ್ತೆ ಇಳಿದ! ಒಂದು ಬದಿ ಮುಗಿಸಿದ. ಗಾಳಿ ತಣಿದ ಇನ್ನೊಂದು ದಿನ ಎರಡನೇ ಬದಿಯನ್ನೂ ಮುಚ್ಚಿದ. ಮೇಲೆ ತಾಮ್ರದ ತಗಡು ಹೊಡೆದ, ಆ ತಗಡು ರೇಡಿಯೊ ಕೂರಿಸಿದವರು ಬಿಟ್ಟುಹೋದದ್ದು. ನೀರು ನಿಂತಿತು.

ಸೆಪ್ಟೆಂಬರ್ ಆರಂಭ. ನಲವತ್ತರ ಅಕ್ಷಾಂಶ. ಅಡ್ಡಿಗೆ ನೆಲವೇ ಇಲ್ಲದ ಕಡೆ ಗಾಳಿ ಭೂಮಿಯನ್ನು ಸುತ್ತಿ ಸುತ್ತಿ ಅಲೆಗಳನ್ನು ಎಬ್ಬಿಸುತ್ತದೆ. ಒಂದು ರಾತ್ರಿ ಅಡ್ಡ ಅಲೆಯೊಂದು ಸುಹೈಲಿಯ ಪಕ್ಕೆಗೆ ಗುದ್ದಿತು. ಕೂವೆ ನೀರಿಗೆ ಮಲಗಿತು. ಡಬ್ಬಿ, ಉಪಕರಣ, ಪುಸ್ತಕ, ಔಷಧಿ ಎಲ್ಲವೂ ರಾಬಿನ್ ಮೇಲೆ ಕುಸಿದವು. ಕತ್ತಲಲ್ಲಿ ಅವುಗಳನ್ನು ಸರಿಸಿಕೊಂಡು ತೆವಳಿದ. ಕೂವೆ ಹೋಗಿದೆ ಎಂದುಕೊಂಡೇ ಮೇಲೆ ಬಂದ. ನಿಂತಿತ್ತು! ಆದರೆ ಒಳಗೆ ಬಂದು ದೀಪ ಹಿಡಿದರೆ ಕ್ಯಾಬಿನ್ ಮತ್ತು ಡೆಕ್ ಸೇರುವಲ್ಲಿ ಸುತ್ತ ಬಿರುಕು. ಅಂಥ ಇನ್ನೊಂದು ಅಲೆ ಬಿದ್ದರೆ ಮಾಡು ಹಾರಿಹೋಗಿ ದೋಣಿ ಬಟಾಬಯಲು.

ಬೆಳಗಾಯಿತು. ಬೋಲ್ಟ್ ಹಾಕಿದ, ಬಿಗಿದ, ಆಸರೆ ಕೊಟ್ಟ. ದೋಣಿಯ ಹಿಂದೆ ನೂರಾರು ಅಡಿ ಹಗ್ಗವನ್ನು ಕುಣಿಕೆಯಾಗಿ ಇಳಿಬಿಟ್ಟ. ಅದರ ಎಳೆತಕ್ಕೆ ವೇಗ ತಗ್ಗಿತು, ಸುಹೈಲಿಯ ಹಿಂಬದಿ ಅಲೆಗೆ ಎದುರಾಗಿ ನಿಂತಿತು. ಎರಡೂ ತುದಿ ಚೂಪಾದ ಆ ಹಳೆಯ ನಾರ್ವೇಜಿಯನ್ ಮೈಕಟ್ಟು ಅಲೆಯನ್ನು ಸೀಳಿ ಎರಡು ಬದಿಗೆ ಕಳಿಸಿತು. ಪಾರಾದೆ ಎಂದುಕೊಂಡು ಟ್ಯಾಂಕಿನ ನೀರು ಹಿಡಿದ. ಕೊಳೆತಿತ್ತು.

ಕ್ಯಾನುಗಳಲ್ಲಿ ಸ್ವಲ್ಪ ಉಳಿದಿತ್ತು, ಅಷ್ಟೆ. ಹಾಯಿಯ ಕೆಳಗೆ ಬಕೆಟ್ ಕಟ್ಟಿದ. ಮಳೆ ಬಂದರೆ ಬಾಳು, ಇಲ್ಲದಿದ್ದರೆ ಇಲ್ಲ. ಮಳೆ ಬಂತು. ಬ್ಯಾಟರಿ ಪರೀಕ್ಷಿಸುವಾಗ ದೋಣಿ ಹೊರಳಿತು, ಆಮ್ಲ ಕಣ್ಣಿಗೆ ಸಿಡಿಯಿತು. ತೊಳೆದ, ಹನಿ ಹಾಕಿದ, ಡರ್ಬನ್‌ಗೆ ತಿರುಗಲೇ ಎಂದು ಯೋಚಿಸಿದ, ತಿರುಗಲಿಲ್ಲ. ಬ್ಯಾಟರಿ ತುಂಬುವ ಚಾರ್ಜರ್‌ನ ಎಂಜಿನ್ ಕೆಟ್ಟಿತು. ಕಿಡಿ ಹಾರುವ ತುದಿಗಳ ನಡುವೆ ಇಂಚಿನ ಸಾವಿರ ಪಾಲಿನಲ್ಲಿ ಹದಿನೈದು ಪಾಲು ಅಂತರ ಬೇಕು, ಅಳೆಯುವ ಗೇಜ್ ತಂದಿರಲಿಲ್ಲ. ಪುಸ್ತಕ ತೆಗೆದ, ಹಾಳೆ ಎಣಿಸಿದ. ಇಂಚಿಗೆ ಇನ್ನೂರು ಹಾಳೆ, ಅಂದರೆ ಹಾಳೆಗೆ ಸಾವಿರದಲ್ಲಿ ಐದು ಪಾಲು. ಮೂರು ಹಾಳೆ ಒಳಗೆ ತೂರಿಸಿದ, ತುದಿಗಳನ್ನು ಹೊಂದಿಸಿದ. ಚಾರ್ಜರ್ ಗುಡುಗಿತು. ಇಡೀ ಯಾನದಲ್ಲಿ ನನಗೆ ಅತ್ಯಂತ ಪ್ರಿಯವಾದ ಗಳಿಗೆ ಇದು. ಶಾರ್ಕ್‌ಗಿಂತಲೂ ದೊಡ್ಡ ಶೌರ್ಯ ಇಲ್ಲಿದೆ.

ರೇಡಿಯೊ ಪ್ರಸಾರ ಸತ್ತಿತು. ಆಸ್ಟ್ರೇಲಿಯಾ ಬಳಿ ತಾನಾಗಿ ನಡೆಯುವ ಚುಕ್ಕಾಣಿ ಯಂತ್ರ ಪೂರ್ತಿ ಮುರಿಯಿತು. ಮುಂದಿನ ಅರ್ಧ ಭೂಗೋಳಕ್ಕೆ ಚುಕ್ಕಾಣಿ ಹಿಡಿಯಲು ಇದ್ದದ್ದು ಎರಡು ಕೈ. ನಿದ್ರೆ ಯಾವಾಗ? ಹಾಯಿಗಳನ್ನು ಹಿಗ್ಗಿಸಿದ, ತಗ್ಗಿಸಿದ, ಇಂಚಿಂಚು ಹೊಂದಿಸಿದ. ಸುಹೈಲಿ ತಾನೇ ನೇರ ನಡೆಯತೊಡಗಿತು. ಆ ತೇಗದ ಹುಡುಗಿಗೆ ದಾರಿ ಗೊತ್ತಿತ್ತು!

ಮೆಲ್ಬರ್ನ್ ಬಳಿ ಪೈಲಟ್ ಹಡಗಿಗೆ ಕಾಗದಪತ್ರ ದಾಟಿಸಿದ. ನ್ಯೂಜಿಲೆಂಡಿನ ದಕ್ಷಿಣದ ಫೋವೊ ಜಲಸಂಧಿಯಲ್ಲಿ ಬಿರುಗಾಳಿ ಅವನನ್ನು ಬಂಡೆಗಳತ್ತ ನೂಕಿತು. ಕತ್ತಲು, ಮಳೆ, ಎಡಬಲಕ್ಕೆ ನೆಲ. ಕೂದಲೆಳೆಯಲ್ಲಿ ತಪ್ಪಿಸಿಕೊಂಡು ಒಟಾಗೊ ತಲುಪಿದರೆ ಮರಳಿಗೆ ಸಿಕ್ಕಿಬಿದ್ದ. ಯಾರಾದರೂ ಎಳೆದರೆ ನೆರವು ಪಡೆದಂತೆ, ಪಂದ್ಯ ಮುಗಿದಂತೆ. ಉಬ್ಬರಕ್ಕೆ ಕಾದ. ಸಮುದ್ರವೇ ಎತ್ತಿ ಬಿಟ್ಟಿತು. ಪತ್ರಕರ್ತನೊಬ್ಬ ದೋಣಿಯಲ್ಲಿ ಬಂದು, ಹೊಸ ನಿಯಮದಂತೆ ಮನೆಯ ಪತ್ರವನ್ನೂ ಕೈಗೆ ಕೊಡುವಂತಿಲ್ಲ ಎಂದ. ರಾಬಿನ್ ಪೂರ್ವಕ್ಕೆ ತಿರುಗಿದ, ಕಾಣೆಯಾದ.

ನಾಲ್ಕು ತಿಂಗಳಿಗೂ ಮೀರಿ ಜಗತ್ತಿಗೆ ಅವನ ಸುದ್ದಿಯಿಲ್ಲ.

ಅಷ್ಟರಲ್ಲಿ ಪಂದ್ಯ ಒಬ್ಬೊಬ್ಬರನ್ನೇ ನುಂಗುತ್ತಿತ್ತು. ರಿಜ್ವೇ ಬ್ರೆಜಿಲ್‌ನಲ್ಲಿ ನಿಂತ. ಬ್ಲೈತ್ ದಕ್ಷಿಣ ಆಫ್ರಿಕಾದಲ್ಲಿ ಕೈಬಿಟ್ಟ. ಬಿಲ್ ಕಿಂಗ್ ದೋಣಿ ಮಗುಚಿ ಕೂವೆ ಕಳೆದುಕೊಂಡ. ಇಟಲಿಯ ಕರೋಟ್ಸೊ ಹೊಟ್ಟೆಹುಣ್ಣಿನಿಂದ ರಕ್ತ ಕಾರಿ ಹಿಂದಿರುಗಿದ. ಫೂಜೆರಾನ್ ಬಿರುಗಾಳಿಗೆ ಸಿಕ್ಕಿ ನಿಲ್ಲಿಸಿದ. ಉಳಿದವರಲ್ಲಿ ಒಬ್ಬ ಮಾತ್ರ ರಾಬಿನ್‌ನ ಬೆನ್ನಟ್ಟಿದ್ದ, ದಿನದಿನಕ್ಕೆ ಅಂತರ ತಿನ್ನುತ್ತಿದ್ದ: 39 ಅಡಿ ಉಕ್ಕಿನ 'ಜೋಶುವಾ'ದ ಫ್ರೆಂಚ್ ಕಡಲಿಗ ಬರ್ನಾರ್ ಮೊಯ್ತೆಸಿಯೇ.

1969ರ ಜನವರಿ 17. ರಾಬಿನ್ ಕೇಪ್ ಹಾರ್ನ್ ಸುತ್ತಿದ. ಅಟ್ಲಾಂಟಿಕ್ ಏರುವಾಗ ಹೊಟ್ಟೆನೋವು ಕಚ್ಚಿತು. ಅಪೆಂಡಿಸೈಟಿಸ್ ಇರಬಹುದೇ? ಹತ್ತಿರದ ನೆಲ ಬಹು ದೂರ. ವೈದ್ಯಕೀಯ ಕೈಪಿಡಿ ತೆರೆದು ಓದಿದ, ಇನ್ನಷ್ಟು ಹೆದರಿದ. ಕಡೆಗೆ ಅಜೀರ್ಣವೆಂದು ತಿಳಿಯಿತು. ಏಪ್ರಿಲ್ 6ರಂದು ಅಝೋರಸ್ ಬಳಿ ತೈಲ ಹಡಗೊಂದರ ಕಣ್ಣಿಗೆ ತುಕ್ಕು ಇಳಿದ, ಹಾಯಿ ನವೆದ ಪುಟ್ಟ ದೋಣಿ ಬಿತ್ತು. ಸುದ್ದಿ ಲಂಡನ್‌ಗೆ ಹಾರಿತು: ಬದುಕಿದ್ದಾನೆ!

ಮೊಯ್ತೆಸಿಯೇ ಎಲ್ಲಿ? ಆತ ಹಾರ್ನ್ ದಾಟಿ, ಗೆಲುವಿನ ದಾರಿ ಬಿಟ್ಟು, ಮತ್ತೆ ಪೂರ್ವಕ್ಕೆ ಹೊರಟುಬಿಟ್ಟಿದ್ದ. ಕೇಪ್‌ಟೌನ್ ಬಳಿ ಹಡಗೊಂದಕ್ಕೆ ಕವಣೆಯಿಂದ ಸಂದೇಶ ಚಿಮ್ಮಿಸಿ ತಹೀತಿಯತ್ತ ನಡೆದ.

ಏಪ್ರಿಲ್ 22, ಮಧ್ಯಾಹ್ನ 3:25. ಫಾಲ್ಮತ್‌ನಲ್ಲಿ ತೋಪು ಹಾರಿತು. 312 ದಿನ, ಮೂವತ್ತು ಸಾವಿರಕ್ಕೂ ಹೆಚ್ಚು ಮೈಲಿ, ಸರಾಸರಿ ವೇಗ ನಾಲ್ಕು ನಾಟ್. ಬಿರುಸಿನ ನಡಿಗೆಯಷ್ಟು ವೇಗದಲ್ಲಿ, ಎಲ್ಲಿಯೂ ತಂಗದೆ ಭೂಮಿ ಸುತ್ತಿದ ಮೊದಲ ಒಂಟಿ ಮನುಷ್ಯ.

ಅತಿ ವೇಗದ ಬಹುಮಾನಕ್ಕೆ ಇನ್ನಿಬ್ಬರು ಉಳಿದಿದ್ದರು: ಟೆಟ್ಲಿ ಮತ್ತು ಡೊನಾಲ್ಡ್ ಕ್ರೋಹರ್ಸ್ಟ್. ಟೆಟ್ಲಿಯ ಮೂರೊಡಲಿನ ಪ್ಲೈವುಡ್ ದೋಣಿ, ಟ್ರೈಮರಾನ್, ಮೇ 21ರಂದು ಒಡೆದು ಮುಳುಗಿತು, ಗುರಿಗೆ ಕೇವಲ 1,100 ಮೈಲಿ ಬಾಕಿಯಿರುವಾಗ. ಅವನು ದೋಣಿಯನ್ನು ಅಷ್ಟು ಹಿಂಸಿಸಿ ಓಡಿಸಿದ್ದು ಕ್ರೋಹರ್ಸ್ಟ್ ಬೆನ್ನಿಗಿದ್ದಾನೆಂದು ನಂಬಿ. ಕ್ರೋಹರ್ಸ್ಟ್ ಅಟ್ಲಾಂಟಿಕ್ ಬಿಟ್ಟು ಹೋಗಿಯೇ ಇರಲಿಲ್ಲ. ಸಿದ್ಧವಾಗದ ದೋಣಿಯಲ್ಲಿ ಗಡುವಿನ ಕೊನೆಯ ದಿನ ಹೊರಟು, ಸುಳ್ಳು ಸ್ಥಾನಗಳನ್ನು ರೇಡಿಯೊದಲ್ಲಿ ಹೇಳುತ್ತ ತಿಂಗಳುಗಟ್ಟಲೆ ಅಲೆದಿದ್ದ. ಜುಲೈನಲ್ಲಿ ಅವನ ದೋಣಿ ಖಾಲಿಯಾಗಿ ಸಿಕ್ಕಿತು. 5,000 ಪೌಂಡ್ ರಾಬಿನ್‌ನದಾಯಿತು. ಅಷ್ಟನ್ನೂ ಕ್ರೋಹರ್ಸ್ಟ್‌ನ ಹೆಂಡತಿ ಮಕ್ಕಳಿಗೆ ಕೊಟ್ಟ.

ಐವತ್ತು ವರ್ಷಗಳ ನಂತರ, 2018ರಲ್ಲಿ, ಪಂದ್ಯ ಹಳೆಯ ಕಟ್ಟಳೆಗಳೊಡನೆ ಮರಳಿತು: ಜಿಪಿಎಸ್ ಇಲ್ಲದೆ ಸೆಕ್ಸ್‌ಟಂಟ್ ಹಿಡಿದು ಸುತ್ತಬೇಕು. ಭಾರತೀಯ ನೌಕಾಪಡೆಯ ಅಭಿಲಾಷ್ ಟಾಮಿ ಸುಹೈಲಿಯ ತದ್ರೂಪವನ್ನೇ ಗೋವಾದಲ್ಲಿ ಕಟ್ಟಿಸಿದರು. ಹೆಸರು ತುರೀಯ. ಸೆಪ್ಟೆಂಬರ್ 21ರಂದು ಹಿಂದೂ ಮಹಾಸಾಗರದ ಬಿರುಗಾಳಿ ಅದನ್ನು ಉರುಳಿಸಿತು. ಕೂವೆ ಮುರಿಯಿತು, ಅವರ ಬೆನ್ನುಮೂಳೆಯೂ ಮುರಿಯಿತು. ಆಸ್ಟ್ರೇಲಿಯಾದ ಪರ್ತ್‌ನಿಂದ ಸುಮಾರು 1,900 ನಾಟಿಕಲ್ ಮೈಲಿ ದೂರ, ಎದ್ದು ನಿಲ್ಲಲಾಗದೆ ಮೂರು ದಿನ ಬಿದ್ದಿದ್ದರು. ಫ್ರಾನ್ಸಿನ ಮೀನುಗಾರಿಕಾ ಗಸ್ತು ಹಡಗು 'ಓಸಿರಿಸ್' ಬಂದು ಎತ್ತಿಕೊಂಡಿತು. ಬೆನ್ನಿಗೆ ಟೈಟಾನಿಯಂ ಸರಳು ಹಾಕಿದರು. ನಡೆಯುವುದನ್ನು ಮೊದಲಿನಿಂದ ಕಲಿತರು.

2022ರ ಸೆಪ್ಟೆಂಬರ್ 4ರಂದು ಅದೇ ಪಂದ್ಯಕ್ಕೆ ಮತ್ತೆ ಹೊರಟರು. ಈ ಸಲ ದೋಣಿ 'ಬಯಾನತ್'. ನಡುಗಡಲಲ್ಲಿ ಅವರ ಗಾಳಿ ಚುಕ್ಕಾಣಿಯೂ ಮುರಿಯಿತು. ಬಿಡಿಭಾಗ ಮುಗಿದಾಗ ಶೌಚದ ಬಾಗಿಲು ಕಳಚಿ ಕೊಯ್ದರು, ಹಲಗೆ ಮಾಡಿ ಕೂರಿಸಿದರು, ಕೇಪ್ ಹಾರ್ನ್ ಸುತ್ತಿದರು. 236 ದಿನಗಳ ನಂತರ, 2023ರ ಏಪ್ರಿಲ್ 29ರಂದು ಫ್ರಾನ್ಸಿನ ಲೆ ಸಾಬ್ಲ್ ದೊಲೋನ್ ಬಂದರಿಗೆ ಎರಡನೆಯವರಾಗಿ ನುಗ್ಗಿದರು.